ಮಳೆ ಬಂದ್ರೆ ‘ಕಮಲ’ ಹೋಗಿ ‘ಕ್ಮಲ’ ಆಗತ್ತೆ: ಕಷಾಯ ಕುಡಿದ ಕೀಬೋರ್ಡ್ ಉಳಿಸ್ಕೊಳ್ಳೋದು ಹೇಗೆ?

ಪ್ರಶ್ನೆ: ನಮ್ದು ತೀರ್ಥಹಳ್ಳಿ ಹತ್ರ ಒಂದು ಹಳ್ಳಿ ಸರ್. ಮನೇಲೇ ಕಂಪ್ಯೂಟರ್ ಇಟ್ಕೊಂಡು ಕನ್ನಡ ಟೈಪಿಂಗ್ ಮಾಡ್ಕೊಡ್ತೀನಿ, ಮದುವೆ ಕಾಗದ, ಅರ್ಜಿ, ಸಂಘದ ವರದಿ ಹೀಗೆ. ಮೇ ತಿಂಗಳಲ್ಲಿ ಅತ್ತೆ ತಂದಿಟ್ಟ ಹಾಲು ಬೆಲ್ಲ ಹಾಕಿದ ಕಷಾಯದ ಲೋಟಕ್ಕೆ ಮಗನ ಕೈ ತಾಗಿ ಅರ್ಧ ಲೋಟ ಕೀಬೋರ್ಡ್ ಮೇಲೆ ಚೆಲ್ತು. ಒರೆಸಿ ಎರಡು ದಿನ ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ, ಸರಿಯಾಯ್ತು ಅಂದ್ಕೊಂಡೆ. ಈಗ ಮಳೆ ಹಿಡಿದ್ಮೇಲೆ ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡುವಾಗ ನಾನು ಒತ್ತಕ್ಷರದ ಎಫ್ ಕೀ ಮುಟ್ಟದೇ ಇದ್ರೂ ಒತ್ತು ಬಂದು ಕೂರತ್ತೆ, ‘ಕಮಲ’ ಹೊಡೆದ್ರೆ ‘ಕ್ಮಲ’. ಎರಡು ದಿನ ಬಿಸಿಲು ಬಂದ್ರೆ ಅದು ನಿಲ್ಲತ್ತೆ, ಆದ್ರೆ ಆಗ ಎಫ್ ಎರಡು ಮೂರು ಸಲ ಒತ್ತಿದ್ರೇನೇ ಬರೋದು, ‘ಅಕ್ಕ’ ಹೋಗಿ ‘ಅಕಕ’ ಆಗತ್ತೆ. ಸ್ಪೇಸ್ ಬಾರ್ ಅಂಟಂಟು. ಬಿಸಾಡ್ಲಾ, ಉಳಿಯತ್ತಾ? ಮಗನಿಗೆ ಹೊಸ ಲ್ಯಾಪ್‌ಟಾಪ್ ತಗೊಂಡಿದೀವಿ, ಅದರ ಮೇಲೆ ಹೀಗಾದ್ರೆ ಏನು ಮಾಡ್ಬೇಕು ಅಂತಾನೂ ಹೇಳಿ.

ಉತ್ತರ: ಅಕ್ಕಾ, ಮಳೆಗೆ ಒಂದು ತರ ಬಿಸಿಲಿಗೆ ಒಂದು ತರ ಅಂತ ನೀವೇ ಬರ್ದಿದೀರಲ್ಲ, ಅರ್ಧ ರಿಪೇರಿ ಅಲ್ಲೇ ಆಯ್ತು. ಶಿವಮೊಗ್ಗದಲ್ಲಿ ಕೂತು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ಹೆಚ್ಚಿನವರು ಬಂದು ‘ಕೀಬೋರ್ಡ್ ಹಾಳಾಗಿದೆ’ ಅಂತಾರೆ ಅಷ್ಟೆ, ಯಾವಾಗ ಹೇಗೆ ಅಂತ ಯಾರೂ ನೋಡಿರಲ್ಲ. ನಿಮ್ಮ ಕೀಬೋರ್ಡಿಂದ ನೀರು ಹೋಗಿದೆ, ಕಷಾಯ ಹೋಗಿಲ್ಲ. ಬೆಲ್ಲ, ಹಾಲಿನ ಜಿಡ್ಡು, ಅದರ ಉಪ್ಪಿನಂಶ ಎಲ್ಲ ಒಳಗೇ ತೆಳ್ಳಗೆ ಬಳಿದ ಹಾಗೆ ಕೂತಿದೆ.

ನಿಮ್ಮ ಅಡುಗೆಮನೆ ನೆನಪು ಮಾಡ್ಕೊಳ್ಳಿ. ಜೂನ್ ಬಂತು ಅಂದ್ರೆ ಉಪ್ಪಿನ ಭರಣಿ ತಳದಲ್ಲಿ ನೀರು, ಬೆಲ್ಲದ ಡಬ್ಬ ಸರಿಯಾಗಿ ಮುಚ್ಚದಿದ್ರೆ ಬೆಲ್ಲ ಬೆವರಿ ಪಾಕದ ತರ ಆಗಿರತ್ತೆ, ಯಾರೂ ಅದಕ್ಕೆ ನೀರು ಹಾಕಿರಲ್ಲ, ಗಾಳೀಲಿರೋ ತೇವಾನೇ ಅದು ಎಳ್ಕೊಂಡಿರತ್ತೆ. ಅದೇ ಬೆಲ್ಲ ಕೀಬೋರ್ಡಿನ ಒಳಗಿದ್ರೆ ಅದೇ ಕೆಲಸ ಮಾಡತ್ತೆ. ಒದ್ದೆ ಆದಾಗ ಅದರಲ್ಲಿರೋ ಲವಣಗಳಿಂದ ಸಣ್ಣಗೆ ಕರೆಂಟ್ ದಾಟತ್ತೆ, ನೀವು ಎಫ್ ಒತ್ತದೇ ಇದ್ರೂ ಒತ್ತಿದಾರೆ ಅಂತ ಕಂಪ್ಯೂಟರ್ ತಿಳ್ಕೊಳತ್ತೆ, ನುಡಿಯ ಕೆ.ಪಿ. ರಾವ್ ವಿನ್ಯಾಸದಲ್ಲಿ, ಅಂದ್ರೆ ಯಾವ ಕೀಗೆ ಯಾವ ಅಕ್ಷರ ಅಂತ ಅವರು ಮಾಡಿದ ಜೋಡಣೇಲಿ, ಒತ್ತು ಕೊಡೋ ಕೀ ಅದೇ ಆಗಿರೋದ್ರಿಂದ ‘ಕ’ ಆದ್ಮೇಲೆ ಕರೀದೇ ಬಂದ ಎಫ್ ನುಗ್ಗಿ ‘ಮ’ನ ಕೆಳಗೆ ಎಳೆದು ಹಾಕತ್ತೆ. ಬಿಸಿಲು ಬಂದ್ರೆ ಅದೇ ಬೆಲ್ಲ ಗಟ್ಟಿಯಾಗಿ ವಾರ್ನಿಷ್ ತರ ಆಗತ್ತೆ, ಒಣಗಿದ ಸಕ್ಕರೆಯಲ್ಲಿ ಕರೆಂಟ್ ಹರಿಯಲ್ಲ, ಆಗ ಒತ್ತಿದ್ರೂ ಸಂಪರ್ಕ ಆಗಲ್ಲ, ‘ಅಕ್ಕ’ ‘ಅಕಕ’ ಆಗತ್ತೆ. ಎರಡು ರೋಗ ಅಲ್ಲ ಇದು, ಒಂದೇ ಬೆಲ್ಲ ಎರಡು ವೇಷ ಹಾಕಿದೆ. ಬಯಲುಸೀಮೆಯವರಿಗೆ ಇದು ಇಷ್ಟು ಕಾಣಲ್ಲ, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ ಬೀಳೋ ಆಗುಂಬೆ ಇರೋ ತಾಲ್ಲೂಕಲ್ಲಿ ಇದ್ಕೊಂಡು ನೀವು ಬರೀ ‘ಒಣಗ್ಸಿ’ ಅನ್ನೋ ಸಲಹೆ ನಂಬಿದ್ರೆ ಪ್ರತಿ ವರ್ಷ ಇದೇ ಹಾಡು.

ಹಾಗಾಗಿ ಮಾಡ್ಬೇಕಾಗಿರೋದು ತೊಳೆಯೋದು. ನೀರು ಬಿದ್ದು ಹಾಳಾಗಿದ್ದನ್ನ ಮತ್ತೆ ನೀರಿಗೆ ಹಾಕೋದಾ ಅಂತ ಎಲ್ರೂ ಮುಖ ಮುಖ ನೋಡ್ತಾರೆ. ಕರೆಂಟ್ ಇಲ್ಲದಿದ್ದಾಗ ಶುದ್ಧ ನೀರು ಕೀಬೋರ್ಡಿಗೆ ಅಂಥ ಶತ್ರು ಏನಲ್ಲ, ಅದರಲ್ಲಿ ಕರಗಿರೋದು ಶತ್ರು. ಉಪ್ಪು ಹುಳಿ ಎರಡೂ ಇರೋ ಮಜ್ಜಿಗೆ, ಅಪ್ಪೆಹುಳಿ ಇಂಥವೇ ಅತೀ ಕೆಟ್ಟವು, ಎಳನೀರಲ್ಲೂ ಲವಣ ಜಾಸ್ತಿ, ಮುರುಗಲು ಪಾನಕದಲ್ಲಿ ಹುಳಿಯೂ ಇದೆ ಸಕ್ಕರೆಯೂ ಇದೆ, ಕೋಲಾದಲ್ಲಿ ಫಾಸ್ಫಾರಿಕ್ ಆಸಿಡ್ ಇರತ್ತೆ. ಸಕ್ಕರೆ ಇಲ್ಲದ ಬ್ಲ್ಯಾಕ್ ಕಾಫಿ ಇದ್ದಿದ್ರಲ್ಲಿ ಪುಣ್ಯಾತ್ಮ. ಹಾಲು ಬಿದ್ದಿದ್ರೆ ಇನ್ನೊಂದು ಗುರುತು, ನಾಲ್ಕನೇ ದಿನಕ್ಕೆ ಮೂಗಿಗೆ ಗೊತ್ತಾಗತ್ತೆ.

ಅಕ್ಕಿ ವಿಷಯ ಒಂದೆರಡು ಮಾತಲ್ಲಿ ಮುಗಿಸ್ತೀನಿ. ಅಕ್ಕಿ ತನ್ನ ಮೈಗೆ ತಾಗಿದ ಪಸೆ ಸ್ವಲ್ಪ ಹೀರ್ಕೋಬಹುದು, ಪ್ಲಾಸ್ಟಿಕ್ ಹಾಳೆಗಳ ಮಧ್ಯೆ ಹೊಕ್ಕ ಕಷಾಯನ ಅದು ಎಳೆದು ತೆಗೆಯಲ್ಲ, ಬದಲಿಗೆ ತನ್ನ ಹಿಟ್ಟು ಧೂಳು ಒಳಗೆ ಬಿಡತ್ತೆ, ಬೆಲ್ಲದ ಅಂಟಿನ ಜೊತೆ ಸೇರಿ ಅದು ಗಂಜಿ. ಆ ಎರಡು ದಿನ ನಿಮ್ಮ ಕೀಬೋರ್ಡ್ ಟೇಬಲ್ ಮೇಲೆ ಬೋರಲು ಬಿದ್ಕೊಂಡಿದ್ರೂ ಅಷ್ಟೇ ಒಣಗ್ತಿತ್ತು. ಆ ಅಕ್ಕಿನ ಕೋಳಿಗೆ ಹಾಕ್ಬಿಡಿ.

ಈಗ ಬಿಚ್ಚೋ ಕೆಲಸ. ನಿಮ್ದು ಮಾಮೂಲಿ ಯುಎಸ್‌ಬಿ ಕೀಬೋರ್ಡ್ ಅಂತ ತಿಳ್ಕೊಂಡು ಹೇಳ್ತಿದೀನಿ, ಅಂದ್ರೆ ನಾನೂರು ಐನೂರು ರೂಪಾಯಿಗೆ ಸಿಗೋ ಜಾತಿ. ಹೊಸದು ತಗೊಳ್ಳೋದೇ ಸುಲಭ ಅಂತ ನಾನೂ ಹೇಳ್ಬಹುದು, ಸುಳ್ಳಲ್ಲ. ಆದ್ರೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅರವತ್ತು ಚಿಲ್ಲರೆ ಕಿಲೋಮೀಟರ್, ಈ ಮಳೇಲಿ ಬಸ್ಸು ಹತ್ತಿ ಬರೋದಕ್ಕಿಂತ ಒಂದು ಭಾನುವಾರ ಕೂತು ಬಿಚ್ಚಿ ನೋಡಿ, ಕೈ ಹೊಂದಿಕೊಂಡ ಕೀಬೋರ್ಡ್ ಬೇರೆ. ಹಾಳಾದ್ರೂ ಹೋಗೋದು ಐನೂರು ರೂಪಾಯಿ, ಲ್ಯಾಪ್‌ಟಾಪ್ ಮೇಲೆ ಕಲಿಯೋದಕ್ಕಿಂತ ಇದರ ಮೇಲೆ ಕಲಿಯೋದು ಅಗ್ಗ.

ಮೊದಲು ವಯರ್ ಕಿತ್ತು ಬದಿಗಿಡಿ. ಯುಎಸ್‌ಬಿಯಲ್ಲಿ ಬರೋದು 5 ವೋಲ್ಟ್ ಅಷ್ಟೆ, ಮನುಷ್ಯರಿಗೆ ಶಾಕ್ ಹೊಡೆಯಲ್ಲ, ಆದ್ರೆ ಒದ್ದೆ ಇರುವಾಗ ಆ 5 ವೋಲ್ಟೇ ಒಳಗಿನ ಬೆಳ್ಳಿ ಗೆರೆಗಳನ್ನ ತಿಂದು ಹಾಕೋದು. ಹಳೇ ಕಂಪ್ಯೂಟರಲ್ಲಿ ಗುಂಡಗಿನ ನೇರಳೆ ಪಿನ್ ಇದ್ರೆ ಕಂಪ್ಯೂಟರನ್ನೇ ಆಫ್ ಮಾಡಿ ಕೀಳಿ, ಅದು ಓಡ್ತಿರುವಾಗ ಹಾಕಿ ತೆಗೆಯೋ ತರದ್ದಲ್ಲ. ಆಮೇಲೆ ಮೊಬೈಲಲ್ಲಿ ಕೀಗಳದ್ದೊಂದು ಫೋಟೋ ತೆಗೀರಿ. ದಯವಿಟ್ಟು ತೆಗೀರಿ. ಕ್ಯು ಡಬ್ಲ್ಯು ಇ ಆರ್ ಬೆರಳಿಗೆ ಗೊತ್ತಿರತ್ತೆ, ಸ್ಲ್ಯಾಶ್ ಬ್ಯಾಕ್‌ಸ್ಲ್ಯಾಶ್ ಎಲ್ಲಿತ್ತು ಅಂತ ಯಾರಿಗೂ ನೆನಪಿರಲ್ಲ.

ಬೋರಲು ಹಾಕಿದ್ರೆ ಹಿಂದೆ ಸ್ಕ್ರೂ ಕಾಣತ್ತೆ, ಹತ್ತೋ ಹದಿನೈದೋ ಇರ್ಬಹುದು. ಎಲ್ಲ ತೆಗೆದ್ರೂ ಬರ್ತಿಲ್ಲ ಅಂದ್ರೆ ಜೋರು ಮಾಡ್ಬೇಡಿ, ಸ್ಟಿಕ್ಕರ್ ಮೇಲೆ ಬೆರಳಾಡ್ಸಿ, ಎಲ್ಲಾದ್ರೂ ಗುಳಿ ಸಿಕ್ರೆ ಅದರಡಿ ಒಂದು ಸ್ಕ್ರೂ ಅಡಗಿರತ್ತೆ, ರಬ್ಬರ್ ಕಾಲಿನ ಕೆಳಗೂ ಇರ್ಬಹುದು. ಅಂಚಲ್ಲಿ ಪ್ಲಾಸ್ಟಿಕ್ ಕೊಂಡಿಗಳಿರ್ತವೆ, ಹಳೇ ಎಟಿಎಂ ಕಾರ್ಡ್ ತೂರಿಸ್ತಾ ಹೋದ್ರೆ ಟಕ್ ಟಕ್ ಅಂತ ಬಿಡ್ತವೆ. ತೆರೆದಾಗ ಮೊದಲು ಕಾಣೋದು ರಬ್ಬರ್ ಗುಳ್ಳೆಗಳು, ಒಂದೇ ಹಾಳೆ ಆಗಿದ್ರೆ ಅದೃಷ್ಟ, ಬಿಡಿಬಿಡಿ ಇದ್ರೆ ಒಂದು ತಟ್ಟೆಗೆ ಹಾಕಿ ಮಗನ ಕೈಗೆ ಸಿಗದ ಕಡೆ ಇಡಿ. ಅದರ ಕೆಳಗೆ ಮೂರು ಪದರದ ಪ್ಲಾಸ್ಟಿಕ್ ಹಾಳೆ. ಮೇಲಿಂದ್ರಲ್ಲಿ ಬೆಳ್ಳಿ ಶಾಯಿಯ ಗೆರೆ, ಕೆಳಗಿಂದ್ರಲ್ಲೂ ಗೆರೆ, ಮಧ್ಯದ್ದು ಬರೀ ತೂತಿನ ಹಾಳೆ. ಕೀ ಒತ್ತಿದಾಗ ರಬ್ಬರ್ ಗುಳ್ಳೆ ಕುಸಿದು ಮೇಲಿನ ಹಾಳೇನ ತೂತಿನ ಮೂಲಕ ಕೆಳಗಿನದಕ್ಕೆ ಮುಟ್ಟಿಸತ್ತೆ, ಅಕ್ಷರ ಬರತ್ತೆ. ಇಷ್ಟೇ ಇಡೀ ಯಂತ್ರ.

ಈ ಹಾಳೆಗಳನ್ನ ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಕಷಾಯ ಎಲ್ಲಿಂದ ಇಳಿದು ಎಲ್ಲಿಗೆ ಹಬ್ಬಿದೆ ಅಂತ ಕಂದು ಬಣ್ಣದ ನಕ್ಷೆ ತರ ಕಾಣತ್ತೆ, ಅಂಚು ಗಾಢ, ಮಧ್ಯ ತಿಳಿ. ಎರಡು ಹಾಳೆ ಒತ್ತಾಗಿ ಕೂತ ಕಡೆ ದ್ರವ ತಾನಾಗೇ ಹರಡತ್ತೆ, ಗಾಳಿ ಒಳಗೆ ಹೋಗಲ್ಲ, ಹಾಗಾಗಿ ವಾರಗಟ್ಟಲೆ ಪಸೆ ಇರತ್ತೆ. ನಾನು ಒಂದ್ಸಲ ಆರು ತಿಂಗಳ ಹಿಂದೆ ಕಾಫಿ ಚೆಲ್ಲಿದ ಕೀಬೋರ್ಡ್ ಬಿಚ್ಚಿದ್ರೆ ಆ ನಕ್ಷೆ ಒಳಗೆ ಸಾಲಾಗಿ ಇರುವೆ, ಅವು ಸ್ಪೇಸ್ ಬಾರ್ ಕೆಳಗಿಂದ ಎಂಟರ್ ಕೀವರೆಗೂ ದಾರಿ ಮಾಡ್ಕೊಂಡಿದ್ವು. ಗೆರೆಗಳು ಹೊಳೀತಾ ಇದ್ರೆ ಖುಷಿ ಪಡಿ. ಎಲ್ಲಾದ್ರೂ ಗೆರೆ ಕಪ್ಪಾಗಿ ತುಣುಕು ಕಾಣೆಯಾಗಿದ್ರೆ ಅಲ್ಲಿ ಬೆಳ್ಳಿ ಹೋಗಿದೆ ಅಂತ ಅರ್ಥ, ಅದಕ್ಕೆ ಆಮೇಲೆ ಬರ್ತೀನಿ.

ತೊಳೆಯೋಕೆ ಎರಡು ನೀರು ಬೇಕು. ಮೊದಲ್ನೇದು ಉಗುರು ಬೆಚ್ಚಗಿನ ಮಾಮೂಲಿ ನೀರು, ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ. ಕುದಿಯೋ ನೀರು ಬೇಡ, ಹಾಲಿನಂಶ ಬಿಸಿಗೆ ಗಟ್ಟಿಯಾಗಿ ಕೂರತ್ತೆ, ಹಾಲು ಕಾಯಿಸಿದ ಪಾತ್ರೆ ತಳ ನೋಡಿದವರಿಗೆ ಇದನ್ನ ನಾನು ಹೇಳ್ಬೇಕಾಗಿಲ್ಲ. ಎರಡನೇದು ಕೊನೇ ಜಾಲಿಸೋಕೆ ಡಿಸ್ಟಿಲ್ಡ್ ವಾಟರ್, ಇನ್ವರ್ಟರ್ ಬ್ಯಾಟರಿಗೆ ಹಾಕ್ತೀವಲ್ಲ ಅದೇ, ಪೆಟ್ರೋಲ್ ಬಂಕಲ್ಲೋ ಬ್ಯಾಟರಿ ಅಂಗಡೀಲೋ ಕ್ಯಾನ್ ಸಿಗತ್ತೆ, ಬ್ಯಾಟರಿ ಆಸಿಡ್ ಬೇರೆ, ಅದನ್ನ ತಂದ್ಬಿಟ್ಟೀರಾ ಜೋಕೆ. ಮಾಮೂಲಿ ನೀರಲ್ಲೇ ಮುಗಿಸಿದ್ರೆ ಏನಾಗತ್ತೆ ಅಂದ್ರೆ ಅದರ ಲವಣ ಒಣಗಿ ಉಳಿಯತ್ತೆ, ಬೋರ್ ನೀರು ಕಾಯಿಸಿದ ಹಂಡೆಯೊಳಗೆ ಬಿಳೀ ಪದರ ಕಟ್ಟತ್ತಲ್ಲ ಹಾಗೆ. ಡಿಸ್ಟಿಲ್ಡ್ ವಾಟರ್ ತರೋಕೆ ಪೇಟೆಗೆ ಹೋಗೋಕಾಗ್ಲಿಲ್ವಾ, ಅಂಗಳದ ಮಧ್ಯೆ ಒಂದು ಸ್ಟೀಲ್ ಪಾತ್ರೆ ಇಟ್ಟು ನೇರ ಆಕಾಶದಿಂದ ಬಿದ್ದ ಮಳೆ ನೀರು ಹಿಡೀರಿ, ಹಂಚಿನ ಮೇಲಿಂದ ಬಂದಿದ್ದಲ್ಲ, ಅದರಲ್ಲಿ ಪಾಚಿ ಧೂಳು ಇರತ್ತೆ. ಮಳೆ ನೀರಲ್ಲಿ ಕರಗಿದ ಲವಣ ತೀರಾ ಕಡಿಮೆ. ನಾನೇ ಮಾಡಿದೀನಿ, ಕೆಲಸ ಆಗತ್ತೆ. ನಮ್ಮ ಮಳೆಗಾಲದಿಂದ ಕೀಬೋರ್ಡಿಗೆ ಆಗೋ ಒಂದೇ ಉಪಕಾರ ಇದು.

ಕೀಗಳನ್ನೆಲ್ಲ ಹಳೇ ದಿಂಬಿನ ಕವರಿಗೆ ಹಾಕಿ ಬಾಯಿ ಕಟ್ಟಿ ಸೋಪಿನ ನೀರಲ್ಲಿ ಅಲುಗಾಡ್ಸಿ, ಒಂದೂ ಕಳೆಯಲ್ಲ. ಸ್ಪೇಸ್ ಬಾರ್, ಎಂಟರ್, ಶಿಫ್ಟ್ ತೆಗೆಯುವಾಗ ಮಾತ್ರ ನಿಧಾನ, ಅವುಗಳ ಕೆಳಗೆ ಒಂದು ಸಣ್ಣ ಸ್ಟೀಲ್ ಕಂಬಿ ಇರತ್ತೆ, ಅದರ ಮೇಲೇ ಬೆಲ್ಲ ಕೂತು ನಿಮ್ಮ ಸ್ಪೇಸ್ ಬಾರ್ ಅಂಟ್ತಿರೋದು, ಅದನ್ನ ಹಳೇ ಬ್ರಶ್ಶಲ್ಲಿ ತಿಕ್ಕಿ. ಪ್ಲಾಸ್ಟಿಕ್ ಹಾಳೆಗಳನ್ನ ಮಾತ್ರ ತಿಕ್ಕಬೇಡಿ, ಉಜ್ಜಿದ್ರೆ ಗೆರೆಯೇ ಎದ್ದು ಬರತ್ತೆ, ತಟ್ಟೇಲಿ ನೀರು ಹಾಕಿ ಹತ್ತು ನಿಮಿಷ ನೆನೆಸಿ, ಬೆರಳ ತುದೀಲಿ ಸವರಿ, ನೀರು ಬದಲಾಯಿಸಿ, ನೀರು ತಿಳಿಯಾಗೋವರೆಗೂ ಹೀಗೇ. ಕೆಲವು ಕಂಪನಿಯವರು ಮೂರೂ ಹಾಳೆನ ಅಲ್ಲಲ್ಲಿ ಅಂಟಿಸಿರ್ತಾರೆ, ಹಾಗಿದ್ರೆ ಹರಿದು ಬಿಡಿಸ್ಬೇಡಿ, ಒಟ್ಟಿಗೇ ನೆನೆಸಿ ಮಧ್ಯೆ ನೀರು ಆಡೋ ಹಾಗೆ ಮಾಡಿ. ಹಸಿರು ಬಣ್ಣದ ಪುಟ್ಟ ಸರ್ಕ್ಯೂಟ್ ಬೋರ್ಡ್ ಒಂದಿರತ್ತೆ, ಅದನ್ನ ನೀರಿಗೆ ಹಾಕ್ಬೇಡಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತೀಲಿ ಒರೆಸಿ, ಮೊಬೈಲ್ ರಿಪೇರಿಯವರ ಹತ್ರ ‘ಐಪಿಎ’ ಅಂದ್ರೆ ಕೊಡ್ತಾರೆ. ಶೇಕಡ 99ರದ್ದು ಕೇಳಿ, 70ರದ್ದರಲ್ಲಿ ಉಳಿದ 30 ನೀರು. ಒಲೆ ದೀಪ ಹತ್ರ ಇಲ್ಲದ ಕಡೆ ಕೂತು ಮಾಡಿ, ಭಗ್ ಅಂತ ಹತ್ಕೊಳ್ಳೋ ವಸ್ತು ಅದು. ಕೊರೋನ ಕಾಲದ ಸ್ಯಾನಿಟೈಸರ್ ಬಾಟ್ಲಿ ಮನೇಲಿದೆ ಅದೇ ಹಾಕ್ಲಾ ಅಂತ ಈಗ್ಲೂ ಕೇಳ್ತಾರೆ, ಬೇಡ, ಅದರಲ್ಲಿ ಕೈ ಒಡೀಬಾರ್ದು ಅಂತ ಗ್ಲಿಸರಿನ್ ಹಾಕಿರ್ತಾರೆ, ಅದು ಆರಲ್ಲ, ಜಿಡ್ಡಾಗಿ ಉಳಿಯತ್ತೆ.

ಇನ್ನು ಒಣಗ್ಸೋದು, ಮಲ್ನಾಡಲ್ಲಿ ಇದೇ ದೊಡ್ಡ ಪಾಡು. ಎಲ್ಲ ಕಡೆ 24 ಗಂಟೆ, 48 ಗಂಟೆ ಅಂತ ಬರೀತಾರೆ, ಜುಲೈ ತಿಂಗಳಲ್ಲಿ ಹಗ್ಗದ ಮೇಲೆ ಹಾಕಿದ ಟವೆಲ್ ನಾಲ್ಕು ದಿನಕ್ಕೂ ಒಣಗದ ಮನೆಗೆ ಆ ಲೆಕ್ಕ ಹಾಕಿದವರು ಬಂದಿಲ್ಲ. ಗಾಳಿಯೇ ತೇವ ತುಂಬ್ಕೊಂಡು ಕೂತಿರುವಾಗ ಫ್ಯಾನ್ ಹಾಕಿದ್ರೂ ತೇವದ ಗಾಳಿನೇ ಓಡಾಡತ್ತೆ. ಗಾಳಿ ಸ್ವಲ್ಪ ಬೆಚ್ಚಗಾದ್ರೆ ಮಾತ್ರ ಅದು ಇನ್ನೊಂದಿಷ್ಟು ತೇವ ಹೊತ್ಕೊಳ್ಳತ್ತೆ. ನಾನು ಮಾಡೋದು ಹೀಗೆ, ರಟ್ಟಿನ ಡಬ್ಬಕ್ಕೆ ಮೇಲೆ ನಾಲ್ಕು ತೂತು, ಕೆಳಗೆ ನಾಲ್ಕು ತೂತು, ಒಳಗೆ ಹಳೇ ಕಾಲದ 40 ವ್ಯಾಟ್ ತಂತಿ ಬಲ್ಬು ರಟ್ಟಿಗೆ ತಾಗದ ಹಾಗೆ, ಅದರಿಂದ ಒಂದಡಿ ದೂರದಲ್ಲಿ ಹಾಳೆಗಳು ಒಂದಕ್ಕೊಂದು ಮುಟ್ಟದ ಹಾಗೆ ನಿಲ್ಸಿ. ಎಲ್ಇಡಿ ಬಲ್ಬಾದ್ರೆ ಶಾಖ ಸಾಲಲ್ಲ. ಮನೇಲಿ ಎಚ್ಚರ ಇದ್ದಾಗ ಮಾತ್ರ ಹಾಕಿ, ರಾತ್ರಿ ಹಾಕಿ ಮಲಗ್ಬೇಡಿ, ರಟ್ಟು ಅದು. ತಂತಿ ಬಲ್ಬ್ ಇಲ್ಲಾಂದ್ರೆ ಫ್ರಿಡ್ಜ್ ಹಿಂದೆ ಬಿಸಿಗಾಳಿ ಬರೋ ಜಾಗದ ಹತ್ರ ಇಡಿ, ದಿನ ಜಾಸ್ತಿ ಹಿಡಿಯತ್ತೆ ಅಷ್ಟೆ. ಆಮೇಲೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದು ದಿನ. ನೀಲಿ ಜಾತಿಯ ಜೆಲ್ ತೇವ ಕುಡಿದ್ರೆ ಗುಲಾಬಿ ಆಗತ್ತೆ, ಆಗ ಬಾಣಲೇಲಿ ಸಣ್ಣ ಉರೀಲಿ ಹುರಿದ್ರೆ ತಿರುಗಿ ನೀಲಿ, ಅಡುಗೆ ಬಾಣಲೆ ಅಲ್ಲ, ಯಾವುದಾದ್ರೂ ಹಳೇದು.

ಏನು ಮಾಡ್ಬಾರ್ದು ಅನ್ನೋದು ನನ್ನ ಅನುಭವದಿಂದ್ಲೇ ಹೇಳ್ತೀನಿ. ಕೆಲಸ ಕಲೀತಿದ್ದಾಗ ಒಂದು ಕೀಬೋರ್ಡ್ ತೊಳೆದು ಊರಿಗೆ ತಗೊಂಡು ಹೋಗಿ ಬಚ್ಚಲ ಒಲೆ ಪಕ್ಕ ಒರಗಿಸಿಟ್ಟು ಸ್ನಾನಕ್ಕೆ ಹೋದೆ. ಸ್ನಾನ ಮುಗಿಸಿ ಬರೋವಷ್ಟರಲ್ಲಿ ಒಲೆ ಕಡೆಯ ಸಾಲು, ಝಡ್ಡಿಂದ ಎಮ್ಮವರೆಗೂ, ಹಪ್ಪಳದ ತರ ಸೊಟ್ಟ. ಗಿರಾಕಿಗೆ ಹೊಸದು ಕೊಡ್ಸಿದೆ. ಕೂದಲು ಒಣಗ್ಸೋ ಡ್ರೈಯರ್‌ದೂ ಅದೇ ಕಥೆ, ಕೀ ಸೊಟ್ಟ ಆಗತ್ತೆ, ಇಲ್ಲಾಂದ್ರೆ ಗಾಳಿ ರಭಸಕ್ಕೆ ನೀರು ಇನ್ನೂ ಒಳಗೆ ಹೋಗತ್ತೆ. ನಿಮ್ಮ ಕೈ ಐದು ನಿಮಿಷ ಆರಾಮಾಗಿ ಇಡಕ್ಕಾಗದಷ್ಟು ಬಿಸಿ ಇರೋ ಜಾಗದಲ್ಲಿ ಕೀಬೋರ್ಡ್ ಇಡ್ಬೇಡಿ. ಅಡಿಕೆ ಡ್ರೈಯರ್ ಒಳಗಿಡ್ಬಹುದಾ ಅಂತ ಸಾಗರದ ಕಡೆಯವರೊಬ್ರು ಕೇಳಿದ್ರು, ತಮಾಷೆಗೆ ಅಲ್ಲ, ನಿಜವಾಗ್ಲೂ. ಅದು ಅಡಿಕೆಗೆ ಸರಿ ಸ್ವಾಮಿ ಅಂದೆ. ಒಲೆ ಮೇಲಿನ ಅಟ್ಟವೂ ಬೇಡ, ಹೊಗೆಯ ಮಸಿ ಜಿಡ್ಡು ಕೂರತ್ತೆ.

ತಿರುಗಿ ಜೋಡಿಸುವಾಗ ಎಲ್ರೂ ಎಡವೋದು ಒಂದೇ ಕಡೆ. ಹಾಳೆಗಳ ಬಾಲ ಆ ಪುಟ್ಟ ಬೋರ್ಡಿಗೆ ಮುಟ್ಟೋ ಜಾಗದಲ್ಲಿ ಬೆಸುಗೆ ಇರಲ್ಲ, ಒಂದು ಪಟ್ಟಿ ಇಟ್ಟು ಎರಡು ಮೂರು ಸ್ಕ್ರೂನಲ್ಲಿ ಅದುಮಿರ್ತಾರೆ ಅಷ್ಟೆ. ಅದು ಸಡಿಲ ಇದ್ರೆ ಅಥವಾ ಬಾಲ ಒಂದು ಗೆರೆಯಷ್ಟು ಸರಿದಿದ್ರೆ ಅರ್ಧ ಕೀಬೋರ್ಡ್ ಸತ್ತಿರತ್ತೆ, ತೊಳೆದೇ ಹಾಳ್ಮಾಡ್ಕೊಂಡೆ ಅಂತ ಬೇಜಾರಾಗಿ ಬಿಸಾಡ್ತಾರೆ. ಬಿಚ್ಚಿ ಮತ್ತೆ ಅದುಮಿ ನೋಡಿ.

ರೋಗ ಎಲ್ಲಿದೆ ಅಂತ ಕಂಡ್ಕೊಳ್ಳೋಕೂ ಒಂದು ಲೆಕ್ಕ ಇದೆ. ನೂರು ಚಿಲ್ಲರೆ ಕೀಗೆ ನೂರು ವಯರ್ ಎಳೆಯಲ್ಲ, ಅಡ್ಡ ಗೆರೆ ಉದ್ದ ಗೆರೆ ಅಂತ ಹೆಣೆದಿರ್ತಾರೆ, ಚಾಪೆ ನೇಯ್ದ ಹಾಗೆ, ಯಾವ ಅಡ್ಡ ಯಾವ ಉದ್ದ ಸೇರ್ತು ಅನ್ನೋದರ ಮೇಲೆ ಯಾವ ಅಕ್ಷರ ಅಂತ ಗೊತ್ತಾಗತ್ತೆ. ಹಾಗಾಗಿ ಒಂದೇ ಕೀ ಕೈ ಕೊಡ್ತಿದ್ರೆ ಅಲ್ಲೇ ಕೊಳೆ ಇದೆ ಅಂತ. ಅಲ್ಲೊಂದು ಇಲ್ಲೊಂದು ಐದಾರು ಕೀ ಒಟ್ಟಿಗೇ ಸತ್ತಿದ್ರೆ ಒಂದು ಗೆರೆ ತುಂಡಾಗಿದೆ ಅಂತ. ಒಂದೊತ್ತಿದ್ರೆ ಎರಡು ಅಕ್ಷರ ಬಂದ್ರೆ ಎರಡು ಗೆರೆ ಮಧ್ಯೆ ಏನೋ ಒದ್ದೆ ಕೂತಿದೆ. ವಿಂಡೋಸಲ್ಲಿ ವಿಂಡೋಸ್ ಕೀ, ಕಂಟ್ರೋಲ್, ಓ ಮೂರೂ ಒಟ್ಟಿಗೆ ಒತ್ತಿದ್ರೆ ಪರದೆ ಮೇಲೆ ಒಂದು ಕೀಬೋರ್ಡ್ ಬರತ್ತೆ, ನೀವು ಒತ್ತಿದ ಕೀ ಅದರಲ್ಲಿ ಬಣ್ಣ ಬದಲಾಯಿಸತ್ತೆ, ಒಂದೊಂದೇ ಒತ್ತಿ ಕಾಗದದಲ್ಲಿ ಗುರುತು ಹಾಕಿ. ಕೀಬೋರ್ಡ್ ಬಿಚ್ಚಿಟ್ಟ ಆ ಮೂರ್ನಾಲ್ಕು ದಿನ ಅರ್ಜೆಂಟ್ ಕೆಲಸ ಬಂದ್ರೂ ಪರದೆ ಮೇಲಿನ ಅದೇ ಕೀಬೋರ್ಡಲ್ಲಿ ಮೌಸಿಂದ ಒತ್ತಿ ಟೈಪ್ ಮಾಡ್ಬಹುದು, ಅದನ್ನ ತೆರೆಯೋಕೆ ಸ್ಟಾರ್ಟ್ ಮೆನುವಿನಲ್ಲಿ ‘ಆನ್-ಸ್ಕ್ರೀನ್ ಕೀಬೋರ್ಡ್’ ಅಂತ ಇರೋದನ್ನ ಹುಡುಕಿ. ಮದುವೆ ಕಾಗದ ಪೂರ್ತಿ ಹೀಗೆ ಮಾಡೋಕೆ ಹೋದ್ರೆ ಮದುವೆನೇ ಮುಗಿದು ಹೋಗಿರತ್ತೆ ಅನ್ನಿ.

ಗೆರೆ ತುಂಡಾಗಿದ್ರೆ ಬೆಸುಗೆ ಹಾಕಕ್ಕಾಗಲ್ಲ, ಪ್ಲಾಸ್ಟಿಕ್ ಕರಗತ್ತೆ. ಬೆಳ್ಳಿ ಶಾಯಿಯ ಪೆನ್ನು ಆನ್‌ಲೈನಲ್ಲಿ ಸಿಗತ್ತೆ, ಅದರಲ್ಲಿ ಕಪ್ಪಾದ ಜಾಗ ದಾಟೋ ಹಾಗೆ ಎರಡೂ ಕಡೆ ಸ್ವಲ್ಪ ಉದ್ದ ಎಳೆದು ಒಣಗ್ಸಿದ್ರೆ ಓಡತ್ತೆ. ಆದ್ರೆ ಆ ಪೆನ್ನಿನ ರೇಟು ಸುಮಾರು ಸಲ ಹೊಸ ಕೀಬೋರ್ಡಿಗಿಂತ ಜಾಸ್ತಿ, ಅಲ್ಲಿಗೆ ನಾನು ಕೈ ಬಿಡ್ತೀನಿ, ನೀವೂ ಬಿಡಿ. ಮೆಕ್ಯಾನಿಕಲ್ ಕೀಬೋರ್ಡ್ ಇರೋರಿಗೆ ಒಂದೇ ಮಾತು, ಅದರಲ್ಲಿ ಪ್ರತಿ ಕೀಗೂ ಬೇರೆ ಸ್ವಿಚ್, ಹಾಳಾದ ಸ್ವಿಚ್ ಒಂದನ್ನೇ ಬದಲಾಯಿಸ್ಬಹುದು, ಆ ಬೆಲೆಗೆ ರಿಪೇರಿ ಯಾವಾಗ್ಲೂ ಲಾಭ.

ಮಗನ ಲ್ಯಾಪ್‌ಟಾಪಿಗೆ ಬರೋಣ. ಅಲ್ಲಿ ಲೆಕ್ಕವೇ ಬೇರೆ, ಯಾಕಂದ್ರೆ ಕೀಬೋರ್ಡಿನ ಕೆಳಗೇ ಮದರ್‌ಬೋರ್ಡ್, ಅದರ ಪಕ್ಕ ಬ್ಯಾಟರಿ. ಚೆಲ್ಲಿದ ಕೂಡ್ಲೇ ಚಾರ್ಜರ್ ತೆಗೀಬೇಕು, ಚಾರ್ಜರಿನ ಡಬ್ಬಿಗೋ ಪ್ಲಗ್ಗಿಗೋ ಕೂಡ ದ್ರವ ಬಿದ್ದಿದ್ರೆ ಅದನ್ನ ಮುಟ್ಟದೇ ಮೊದಲು ಗೋಡೆ ಸ್ವಿಚ್ ಆಫ್, ಅಲ್ಲಿರೋದು 230 ವೋಲ್ಟ್. ಆಮೇಲೆ ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡ್ಕೊಂಡ್ರೆ ಆಫ್ ಆಗತ್ತೆ. ಫೈಲ್ ಸೇವ್ ಮಾಡಿ, ಶಟ್‌ಡೌನ್ ಕೊಟ್ಟು, ಅಪ್‌ಡೇಟ್ ಆಗ್ತಿದೆ ತಡೀರಿ ಅಂದ್ರೆ ತಡೆದು ಕೂರೋ ಹೊತ್ತಲ್ಲ ಅದು. ಮುಚ್ಚಳ ಮುಚ್ಚಿದ್ರೆ ಆಫ್ ಆಯ್ತು ಅಂದ್ಕೋಬೇಡಿ, ಅದು ನಿದ್ದೆ ಮಾಡ್ತಿರತ್ತೆ ಅಷ್ಟೆ, ಒಳಗೆ ಕರೆಂಟ್ ಇರತ್ತೆ. ಪೆನ್‌ಡ್ರೈವ್ ಮೌಸ್ ಎಲ್ಲ ಕಿತ್ತು, ಲ್ಯಾಪ್‌ಟಾಪನ್ನ ತೆರೆದು ಬೋರಲು ಮಾಡಿ ಟೇಬಲ್ ಅಂಚಿಗೆ ನಿಲ್ಸಿ, ನಮ್ಮ ಹಂಚಿನ ಮಾಡು ಎರಡೂ ಕಡೆ ಇಳಿಜಾರಿರತ್ತಲ್ಲ ಆ ಆಕಾರದಲ್ಲಿ, ಕೀಬೋರ್ಡ್ ಕೆಳಮುಖ. ಕೊಡವಬೇಡಿ. ಕೆಲವು ಮಾಡೆಲ್ಲಲ್ಲಿ, ಥಿಂಕ್‌ಪ್ಯಾಡ್ ತರದವುಗಳಲ್ಲಿ, ಚೆಲ್ಲಿದ್ದು ಇಳಿದು ಹೋಗೋಕೆ ಅಂತಾನೇ ತಳದಲ್ಲಿ ತೂತು ಕೊಟ್ಟಿರ್ತಾರೆ, ಅಂಥದ್ದನ್ನ ಮಗುಚದೇ ನೆಟ್ಟಗೇ ಎತ್ತಿ ಹಿಡಿದು ಇಳಿಯೋಕೆ ಬಿಡೋದು ಒಳ್ಳೇದು. ನಿಮ್ಮದ್ರಲ್ಲಿ ಇದ್ಯಾ ಅಂತ ಈಗ್ಲೇ ತಿರುಗಿಸಿ ನೋಡಿಟ್ಕೊಳ್ಳಿ, ಚೆಲ್ಲಿದ್ಮೇಲೆ ಹುಡುಕೋಕೆ ಹೊತ್ತಿರಲ್ಲ.

ಆಮೇಲೆ ಹತ್ತರಲ್ಲಿ ಒಂಬತ್ತು ಜನ ಮಾಡೋ ಕೆಲಸ, ಸಂಜೆ ಹೊತ್ತಿಗೆ ‘ಆನ್ ಆಗತ್ತಾ ನೋಡೋಣ’ ಅಂತ ಒತ್ತೋದು. ನನ್ನ ಟೇಬಲ್ಲಿಗೆ ಬರೋ ಲ್ಯಾಪ್‌ಟಾಪುಗಳಲ್ಲಿ ಚೆಲ್ಲಿದಾಗ ಸಾಯದೇ ಆ ‘ನೋಡೋಣ’ದಲ್ಲಿ ಸತ್ತವೇ ಹೆಚ್ಚು. ಆಫ್ ಆಗಿದ್ರೂ ಬ್ಯಾಟರಿ ಕೂತಿರೋವರೆಗೆ ಕೆಲವು ಗೆರೆಗಳಲ್ಲಿ ಕರೆಂಟ್ ಇದ್ದೇ ಇರತ್ತೆ, ಪವರ್ ಬಟನ್ ಒತ್ತಿದ್ದು ಗೊತ್ತಾಗ್ಬೇಕಲ್ಲ ಅದಕ್ಕೆ. ಒದ್ದೆ, ಉಪ್ಪು, ಕರೆಂಟ್ ಮೂರೂ ಸೇರಿದ ಕಡೆ ತಾಮ್ರ ಕರಗಿ ಹಸಿರು ಪುಡಿ ಬರತ್ತೆ, ಹಳೇ ತಾಮ್ರದ ಚೊಂಬಿನ ಕಿಲುಬು ನೋಡಿದೀರಲ್ಲ, ಅದೇ. ಸ್ಕ್ರೂಡ್ರೈವರ್ ಹಿಡಿಯೋ ಅಭ್ಯಾಸ ಇದ್ರೆ ಹಿಂಬದಿ ತೆಗೆದು ಬ್ಯಾಟರಿಯ ಕನೆಕ್ಟರ್ ಬಿಡಿಸೋದು ಒಂದು ಕೆಲಸ ಮಾಡಿ, ಅಭ್ಯಾಸ ಇಲ್ಲಾಂದ್ರೆ ಮುಟ್ಬೇಡಿ, ಹತ್ರದ ಯಾರಾದ್ರೂ ಮೆಕ್ಯಾನಿಕ್ ಹತ್ರ ಅಷ್ಟು ಮಾತ್ರ ಮಾಡ್ಸಿ. ಬ್ಯಾಟರಿ ಉಬ್ಬಿರೋ ಹಾಗೆ ಕಂಡ್ರೆ ಚಾರ್ಜ್ ಹಾಕೋ ಮಾತೇ ಇಲ್ಲ.

ಬರೀ ನೀರು, ಅದೂ ಸ್ವಲ್ಪ ಬಿದ್ದಿದ್ರೆ ಬೆಚ್ಚಗಿನ ಒಣ ಜಾಗದಲ್ಲಿ ಎರಡು ದಿನ, ಮಳೆಗಾಲ ಆದ್ರೆ ನಾಲ್ಕು ದಿನ ಬಿಟ್ಟು ನೋಡ್ಬಹುದು. ಬೇರೆ ಏನೇ ಬಿದ್ದಿದ್ರೂ ಬಿಚ್ಚಿ ಆಲ್ಕೋಹಾಲಲ್ಲಿ ತೊಳೀಲೇಬೇಕು, ಎರಡು ದಿನದೊಳಗೆ ಅಂಗಡಿಗೆ ತಲುಪ್ಸಿ. ಇಲ್ಲಾಂದ್ರೆ ನಿಮ್ಮ ಕೀಬೋರ್ಡಿನ ಕಥೆನೇ, ಮೇ ತಿಂಗಳಲ್ಲಿ ಚೆನ್ನಾಗಿರತ್ತೆ, ಆಷಾಢದಲ್ಲಿ ಕೈ ಕೊಡತ್ತೆ, ಐನೂರರ ಜಾಗದಲ್ಲಿ ಐವತ್ತು ಸಾವಿರ. ಈಗಿನ ತೆಳ್ಳಗಿನ ಮಾಡೆಲ್ಲುಗಳಲ್ಲಿ ಕೀಬೋರ್ಡನ್ನ ಸ್ಕ್ರೂ ಬದಲು ಪ್ಲಾಸ್ಟಿಕ್ ಕರಗಿಸಿ ಮೇಲಿನ ಕವರಿಗೆ ಕೂರಿಸಿರ್ತಾರೆ, ಕೀಬೋರ್ಡ್ ಒಂದೇ ಬದಲಾಯಿಸೋದು ಕಷ್ಟ, ಪೂರ್ತಿ ಕವರ್ ಹಾಕ್ಬೇಕು ಅಂತ ಅಂಗಡಿಯವರು ಹೇಳಿದ್ರೆ ಮೋಸ ಅಂದ್ಕೋಬೇಡಿ.

ಅಂಗಡೀಲಿ ನಿಜ ಹೇಳಿ. ‘ಬರೀ ನೀರು ಸರ್’ ಅಂತ ಒಬ್ರು ಕೊಟ್ಟು ಹೋದ್ರು, ಹಿಂಬದಿ ತೆಗೆದ್ರೆ ಒಗ್ಗರಣೆ ಮಜ್ಜಿಗೆ ವಾಸನೆ, ಫ್ಯಾನಿನ ಹತ್ರ ಒಂದು ಕರಿಬೇವಿನ ಚೂರು. ನೀರು ಅಂದ್ರೆ ನಾವು ಒಣಗ್ಸೋ ದಾರಿ ಹಿಡೀತೀವಿ, ಮಜ್ಜಿಗೆ ಅಂದ್ರೆ ಕೂಡ್ಲೇ ತೊಳೆಯೋ ದಾರಿ, ಅಷ್ಟೇ ವ್ಯತ್ಯಾಸ. ವಾರಂಟಿ ಹೋಗತ್ತೆ ಅನ್ನೋ ಭಯಕ್ಕೆ ಹೇಳಲ್ಲ ಜನ, ಮಾಮೂಲಿ ವಾರಂಟಿಗೆ ಚೆಲ್ಲಿದ್ದು ಸಾಮಾನ್ಯವಾಗಿ ಬರೋದೇ ಇಲ್ಲ, ತುಂಬಾ ಮಾಡೆಲ್ಲುಗಳ ಒಳಗೆ ಒದ್ದೆಯಾದ್ರೆ ಕೆಂಪಾಗೋ ಸಣ್ಣ ಸ್ಟಿಕ್ಕರ್ ಬೇರೆ ಇರತ್ತೆ. ಅಚಾನಕ್ ಹಾನಿಗೆ ಅಂತ ಬೇರೆ ದುಡ್ಡು ಕೊಟ್ಟು ತಗೊಳ್ಳೋ ಪ್ಲಾನ್ ಇದ್ರೆ ಮಾತ್ರ ಸಿಗೋದು, ನಿಮ್ಮ ಬಿಲ್ಲಲ್ಲಿ ಅದು ಇದ್ಯಾ ನೋಡಿ. ಇನ್ನು ಮಗನ ಪ್ರಾಜೆಕ್ಟ್, ಫೋಟೋ ಎಲ್ಲ ಹೋಯ್ತಾ ಅಂತ ಅಳ್ಬೇಡಿ, ಬೋರ್ಡ್ ಸತ್ರೂ ಡಿಸ್ಕ್ ಸಾಮಾನ್ಯವಾಗಿ ಬದುಕಿರತ್ತೆ, ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಾಕಿ ಓದ್ಬಹುದು. ಡಿಸ್ಕನ್ನ ಬೋರ್ಡಿಗೇ ಬೆಸುಗೆ ಹಾಕಿರೋ ಮಾಡೆಲ್ ಆದ್ರೆ ಕಷ್ಟ.

ಈಗ ನಿಮ್ಮ ಕೀಬೋರ್ಡ್. ತೊಳೆದು, ಒಣಗ್ಸಿ, ಬಾಲ ಅದುಮಿ, ಹಿಂಬದಿಗೆ ಎರಡೇ ಸ್ಕ್ರೂ ಹಾಕಿ, ಎಲ್ಲ ಹಾಕಿ ಆಮೇಲೆ ಬೈಕೋಬೇಡಿ. ನುಡಿ ತೆಗೆದು ‘ಅಕ್ಕ, ಅಪ್ಪ, ಅಮ್ಮ, ಅಣ್ಣ’ ಹೊಡೀರಿ, ಆಮೇಲೆ ‘ಕಮಲ, ಸರಸ, ಗಗನ’ ಅಂತ ಒತ್ತೇ ಇಲ್ಲದ್ದು ಒಂದು ಪುಟ. ಬಿಸಿಲಿದ್ದ ದಿನ ಪಾಸಾದ್ರೆ ನಂಬ್ಬೇಡಿ, ಜೋರು ಮಳೆ ಹೊಡೀತಿರೋ ದಿನ, ಕಿಟಕಿ ತೆಗೆದಿಟ್ಟು, ಅದೇ ಪುಟ ಇನ್ನೊಂದ್ಸಲ ಹೊಡೀರಿ. ಅಲ್ಲೂ ‘ಕಮಲ’ ಕಮಲವಾಗೇ ಬಂದ್ರೆ ಉಳಿದ ಸ್ಕ್ರೂ ಹಾಕಿ ಬಿಗೀರಿ. ಮತ್ತೆ ‘ಕ್ಮಲ’ ಬಂದ್ರೆ ಆ ನಕ್ಷೆಯ ಅಂಚಲ್ಲಿ ಎಲ್ಲೋ ಬೆಲ್ಲ ಉಳ್ಕೊಂಡಿದೆ, ಇನ್ನೊಂದು ಸುತ್ತು ತೊಳೀರಿ, ಅದಕ್ಕೂ ಬಗ್ಗದಿದ್ರೆ ಶಿವಮೊಗ್ಗಕ್ಕೆ ಬೇರೆ ಕೆಲಸಕ್ಕೆ ಬಂದಾಗ ಹೊಸದು ತಗೊಳ್ಳಿ, ಹಳೇದರ ಕೀಗಳನ್ನ ಮಾತ್ರ ಒಂದು ಡಬ್ಬಕ್ಕೆ ಹಾಕಿಟ್ಟಿರಿ, ಅದೇ ಜಾತಿ ತಗೊಂಡ್ರೆ ಮುಂದೆ ಯಾವುದಾದ್ರೂ ಕೀ ಮುರಿದಾಗ ಬರತ್ತೆ.